ಆರು ತಿಂಗಳ ಗಡುವು

ಅದೊಂದು ರಟ್ಟಿನ ಪೆಟ್ಟಿಗೆ. ಒಳಗೆ ಹತ್ತಿ ಸುತ್ತಿದ ಕಡ್ಡಿಗಳು, ಗಾಜಿನ ಸ್ಲೈಡುಗಳು, ಒಂದು ಬಾಚಣಿಗೆ, ಕಾಗದದ ಲಕೋಟೆಗಳು. ಅಮೆರಿಕದಲ್ಲಿ ಅತ್ಯಾಚಾರಕ್ಕೆ ಒಳಗಾದ ಹೆಣ್ಣುಮಗಳು ಆಸ್ಪತ್ರೆಗೆ ಬಂದು ತಪಾಸಣೆಗೆ ಒಪ್ಪಿದರೆ ನರ್ಸ್ ಬಿಚ್ಚುವುದು ಈ ಪೆಟ್ಟಿಗೆಯನ್ನು. ನೆಲಕ್ಕೆ ಹಾಸಿದ ಹಾಳೆಯ ಮೇಲೆ ನಿಂತು ಆಕೆ ಬಟ್ಟೆ ಕಳಚುತ್ತಾಳೆ. ಉದುರಿದ ಕೂದಲೆಳೆ, ಧೂಳು ಸಮೇತ ಆ ಹಾಳೆಯನ್ನು ಮಡಚಿ ಲಕೋಟೆಗೆ ಸೇರಿಸುತ್ತಾರೆ. ಉಗುರಿನ ಸಂದಿಯಿಂದ, ಬಾಯಿಯಿಂದ, ಗಾಯದ ಅಂಚಿನಿಂದ ಒಂದೊಂದಾಗಿ ಮಾದರಿ ತೆಗೆಯುತ್ತಾರೆ. ನಾಲ್ಕೈದು ತಾಸು ಹಿಡಿಯುವುದೂ ಉಂಟು. ಅಷ್ಟು ಹೊತ್ತೂ ಆಕೆ ಮೈ ತೊಳೆದುಕೊಳ್ಳುವಂತಿಲ್ಲ.

ಈ ಪೆಟ್ಟಿಗೆಯನ್ನು ಕಲ್ಪಿಸಿಕೊಂಡು ಹಟ ಹಿಡಿದು ಬಳಕೆಗೆ ತಂದವರು ಶಿಕಾಗೋದ ಮಾರ್ಟಿ ಗಾಡರ್ಡ್. 1970ರ ದಶಕದಲ್ಲಿ ಅವರು ಮನೆ ಬಿಟ್ಟು ಓಡಿಬಂದ ಮಕ್ಕಳ ನಡುವೆ ಕೆಲಸ ಮಾಡುತ್ತಿದ್ದರು. ಆ ಮಕ್ಕಳಲ್ಲಿ ಅನೇಕರು ಮನೆಯೊಳಗಿನ ಲೈಂಗಿಕ ದೌರ್ಜನ್ಯ ತಾಳಲಾರದೆ ಬಂದವರೆಂದು ತಿಳಿದಾಗ ಅವರು ಪೊಲೀಸರನ್ನೂ ವೈದ್ಯರನ್ನೂ ಪ್ರಶ್ನಿಸತೊಡಗಿದರು. ಸಾಕ್ಷ್ಯ ಸಂಗ್ರಹಿಸುವ ಕ್ರಮವೇ ಆಸ್ಪತ್ರೆಗಳಲ್ಲಿ ಇರಲಿಲ್ಲ. 1978ರಲ್ಲಿ ಪೆಟ್ಟಿಗೆ ಶಿಕಾಗೋ ಸುತ್ತಲಿನ ಆಸ್ಪತ್ರೆಗಳಿಗೆ ಬಂತು. ಅದರ ಮೇಲೆ ಅಚ್ಚಾದದ್ದು ಮಾತ್ರ ಪೊಲೀಸ್ ಪ್ರಯೋಗಾಲಯದ ಲೂಯಿ ವಿಟುಲ್ಲೊ ಹೆಸರು. ಗಾಡರ್ಡ್ ಮಾಡಿದ ಕೆಲಸ ಹೆಚ್ಚಿನವರಿಗೆ ತಿಳಿದದ್ದು ಅವರು 2015ರಲ್ಲಿ ತೀರಿಕೊಂಡ ಮೇಲೆ.

ಇಷ್ಟು ಸಂಕಟಪಟ್ಟು ಕೊಟ್ಟ ಸಾಕ್ಷ್ಯ ಮುಂದೆ ಎಲ್ಲಿರುತ್ತದೆ, ಎಷ್ಟು ದಿನ ಇರುತ್ತದೆ ಎಂದು ಬಹುಕಾಲ ಯಾರೂ ಗಟ್ಟಿಯಾಗಿ ಕೇಳಲಿಲ್ಲ. 2013ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಅಮಾಂಡಾ ನುಯೆನ್ ಅತ್ಯಾಚಾರಕ್ಕೆ ಒಳಗಾದರು. ವಿಯೆಟ್ನಾಂನಿಂದ ನಿರಾಶ್ರಿತರಾಗಿ ಬಂದ ದಂಪತಿಯ ಮಗಳು, ಗಗನಯಾತ್ರಿಯಾಗಬೇಕೆಂದಿದ್ದವರು. ತಪಾಸಣೆ ಮಾಡಿಸಿಕೊಂಡರು, ಆದರೆ ಆಗಲೇ ದೂರು ಕೊಡಲು ಮನಸ್ಸು ಸಿದ್ಧವಿರಲಿಲ್ಲ. ಅವಸರವೇನೂ ಇರಲಿಲ್ಲ, ಆ ರಾಜ್ಯದಲ್ಲಿ ಅತ್ಯಾಚಾರದ ಮೊಕದ್ದಮೆ ಹೂಡಲು 15 ವರ್ಷಗಳ ಕಾಲಾವಕಾಶವಿತ್ತು. ಆಮೇಲೆ ಗೊತ್ತಾಯಿತು: ದೂರು ದಾಖಲಾಗದಿದ್ದರೆ ಪೆಟ್ಟಿಗೆಯನ್ನು ಆರು ತಿಂಗಳಿಗೆ ನಾಶ ಮಾಡುತ್ತಾರೆ. ಉಳಿಸಿಕೊಳ್ಳಬೇಕಾದರೆ ಗಡುವು ಮುಗಿಯುವ ಮೊದಲು ಅವಧಿ ವಿಸ್ತರಿಸಿ ಎಂದು ಆಕೆಯೇ ಕೇಳಿಕೊಳ್ಳಬೇಕು. ಮತ್ತೆ ಆರು ತಿಂಗಳಿಗೆ ಇನ್ನೊಮ್ಮೆ. ಹೇಗೆ, ಯಾರನ್ನು ಕೇಳಬೇಕೆಂಬ ಸ್ಪಷ್ಟ ಮಾಹಿತಿಯನ್ನು ಯಾರೂ ಕೊಟ್ಟಿರಲಿಲ್ಲ. ಮರೆಯಲು ಹೆಣಗುತ್ತಿದ್ದ ದಿನವನ್ನು ವರ್ಷಕ್ಕೆರಡು ಬಾರಿ ಕಚೇರಿಯವರ ಮುಂದೆ ನೆನಪು ಮಾಡಿಕೊಳ್ಳುವ ಶಿಕ್ಷೆ ಅದು. ಅಪರಾಧ ಮಾಡಿದವನಿಗೆ ಇಂಥ ಯಾವ ತಾಪತ್ರಯವೂ ಇರಲಿಲ್ಲ.

ನುಯೆನ್ 2014ರಲ್ಲಿ ರೈಸ್ ಎಂಬ ಸಂಘಟನೆ ಕಟ್ಟಿದರು. ಇವರು ಕೇಳಿದ್ದು ಕಠಿಣ ಶಿಕ್ಷೆಯನ್ನಲ್ಲ ಎಂಬುದನ್ನು ಗಮನಿಸಬೇಕು. ತಪಾಸಣೆಗೆ ಹಣ ಕೀಳಬಾರದು, ಮೊಕದ್ದಮೆ ಹೂಡಲು ಎಷ್ಟು ಅವಧಿಯಿದೆಯೋ ಅಷ್ಟೂ ಕಾಲ ಪೆಟ್ಟಿಗೆಯನ್ನು ಕಾಪಾಡಬೇಕು, ನಾಶ ಮಾಡುವ ಮುಂಚೆ ತಿಳಿಸಬೇಕು, ಪರೀಕ್ಷೆಯ ಫಲಿತಾಂಶ ಕೊಡಬೇಕು. 2016ರ ಅಕ್ಟೋಬರ್ 7ರಂದು ಅಧ್ಯಕ್ಷ ಒಬಾಮ ಸಹಿ ಹಾಕಿದ ಕಾಯಿದೆಯಲ್ಲಿ ಇವೆಲ್ಲ ಸೇರಿದವು. 20 ವರ್ಷ ಅಥವಾ ಮೊಕದ್ದಮೆಯ ಕಾಲಮಿತಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅಲ್ಲಿಯವರೆಗೆ ಸಾಕ್ಷ್ಯ ಉಳಿಯಬೇಕು. ಬರೆದು ಕೇಳಿಕೊಂಡಿದ್ದರೆ, ನಾಶ ಮಾಡುವ 60 ದಿನ ಮೊದಲು ಲಿಖಿತ ಸೂಚನೆ ಬರಬೇಕು. ಆದರೆ ಆ ದೇಶದಲ್ಲಿ ಅತ್ಯಾಚಾರದ ಪ್ರಕರಣಗಳು ಬಹುಮಟ್ಟಿಗೆ ನಡೆಯುವುದು ರಾಜ್ಯಗಳ ಕಾನೂನಿನಡಿ. ಒಕ್ಕೂಟದ ಕಾಯಿದೆ ಮುಟ್ಟುವುದು ಬೆರಳೆಣಿಕೆಯಷ್ಟನ್ನು. ಹಾಗಾಗಿ ನಿಜವಾದ ಕೆಲಸ ಒಂದೊಂದು ರಾಜ್ಯದ ಶಾಸನಸಭೆಯಲ್ಲೂ ನಡೆಯಬೇಕಾಯಿತು. ಅದೇ ತಿಂಗಳು ಮ್ಯಾಸಚೂಸೆಟ್ಸ್ ಪೂರ್ತಿ 15 ವರ್ಷ ಪೆಟ್ಟಿಗೆಯನ್ನು ಕಾಪಾಡುವ ಕಾಯಿದೆ ಮಾಡಿತು. ಅದೇ ವರ್ಷ ಇಡಾಹೊ ರಾಜ್ಯದ ಕಾಯಿದೆ ಪ್ರತಿ ಪೆಟ್ಟಿಗೆಯ ಜಾಡು ಇಡುವ ವ್ಯವಸ್ಥೆಗೆ ದಾರಿ ಮಾಡಿತು. ತನ್ನ ಪೆಟ್ಟಿಗೆ ಠಾಣೆಯಲ್ಲಿದೆಯೋ ಪ್ರಯೋಗಾಲಯ ಮುಟ್ಟಿತೋ ಎಂದು ಅತ್ಯಾಚಾರಕ್ಕೆ ಒಳಗಾದವಳು ಮನೆಯಲ್ಲಿ ಕುಳಿತೇ ನೋಡಬಹುದು. ಇದರ ಬೆಲೆ ಗೊತ್ತಾಗಬೇಕಾದರೆ ಡೆಟ್ರಾಯಿಟ್ ನೆನಪಾಗಬೇಕು. 2009ರಲ್ಲಿ ಅಲ್ಲಿನ ಪೊಲೀಸ್ ಗೋದಾಮಿನಲ್ಲಿ ಪರೀಕ್ಷೆಯೇ ಆಗದ 11,000ಕ್ಕೂ ಹೆಚ್ಚು ಪೆಟ್ಟಿಗೆಗಳು ಸಿಕ್ಕವು. ಸರ್ಕಾರಿ ವಕೀಲೆ ಕಿಮ್ ವರ್ದಿ ವರ್ಷಗಟ್ಟಲೆ ಬೆನ್ನುಹತ್ತಿ ಪರೀಕ್ಷೆ ಮಾಡಿಸಿದಾಗ ಮತ್ತೆ ಮತ್ತೆ ಅದೇ ಕೃತ್ಯ ಎಸಗಿದ ನೂರಾರು ಗಂಡಸರ ಸುಳಿವು ಹೊರಬಿತ್ತು.

ನಮ್ಮೂರುಗಳಿಂದ ಬಾಸ್ಟನ್ನಿಗೂ ಡೆಟ್ರಾಯಿಟ್ಟಿಗೂ ಓದಲು ಹೋಗುವ ಹೆಣ್ಣುಮಕ್ಕಳಿದ್ದಾರೆ. ಆಯಾ ರಾಜ್ಯದಲ್ಲಿರುವ ಇಂಥ ಹಕ್ಕುಗಳು ಅವರಿಗೂ ಅನ್ವಯಿಸುತ್ತವೆ ಎಂಬುದು ಮನೆಯವರಿಗೂ ಗೊತ್ತಿರಲಿ.

ಇನ್ನು ನಮ್ಮ ಶಾಸನಸಭೆಗಳು. 2019ರ ಡಿಸೆಂಬರಿನಲ್ಲಿ ಆಂಧ್ರಪ್ರದೇಶ ದಿಶಾ ಮಸೂದೆ ಅಂಗೀಕರಿಸಿತು: ಏಳು ದಿನದಲ್ಲಿ ತನಿಖೆ, ಹದಿನಾಲ್ಕು ದಿನದಲ್ಲಿ ವಿಚಾರಣೆ, ಗಲ್ಲು. 2021ರಲ್ಲಿ ಮಹಾರಾಷ್ಟ್ರದ ಶಕ್ತಿ ಮಸೂದೆ. ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ವೈದ್ಯೆಯ ಮೇಲೆ ಅತ್ಯಾಚಾರ ನಡೆದು ಕೊಲೆಯಾದ ಘೋರ ಕೃತ್ಯದ ಬೆನ್ನಿಗೆ, 2024ರ ಸೆಪ್ಟೆಂಬರ್ 3ರಂದು ಪಶ್ಚಿಮ ಬಂಗಾಳದ ಅಪರಾಜಿತಾ ಮಸೂದೆ. ಅಪರಾಧ ಕಾನೂನು ಸಮವರ್ತಿ ಪಟ್ಟಿಯಲ್ಲಿರುವುದರಿಂದ ಕೇಂದ್ರದ ಕಾನೂನಿಗೆ ವ್ಯತ್ಯಾಸವಾಗುವ ತಿದ್ದುಪಡಿಗೆ ರಾಷ್ಟ್ರಪತಿಗಳ ಅಂಕಿತ ಬೇಕು. ಮೂರಕ್ಕೂ ಅದು ದೊರೆಯಲಿಲ್ಲ. ಸದನದಲ್ಲಿ ಮೇಜು ಕುಟ್ಟಿ ಒಪ್ಪಿದ್ದು ಕಾಗದದಲ್ಲೇ ಉಳಿಯಿತು.

ವಿಚಾರಣೆ ಬೇಗ ಮುಗಿಯಬೇಕು ಎಂಬುದರಲ್ಲಿ ನನಗೆ ತಕರಾರಿಲ್ಲ. ವಾಯಿದೆಯ ಮೇಲೆ ವಾಯಿದೆ ಬಿದ್ದು ಹೆಣ್ಣುಮಕ್ಕಳು ಸೋತುಹೋಗುತ್ತಾರೆ. ಆದರೆ ಗಲ್ಲಿನ ಭರವಸೆ ಯಾರ ಸಮಾಧಾನಕ್ಕೆ? ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ವರ್ಷವರ್ಷವೂ ಹೇಳುವ ಪ್ರಕಾರ ಶೇ. 90ಕ್ಕೂ ಹೆಚ್ಚು ಪ್ರಕರಣಗಳಲ್ಲಿ ಆರೋಪಿ ಆಕೆಗೆ ಪರಿಚಿತ. ನೆಂಟ, ನೆರೆಮನೆಯವ, ಕೆಲಸ ಕೊಟ್ಟವ. ಬಾಯಿ ಬಿಟ್ಟರೆ ಚಿಕ್ಕಪ್ಪ ನೇಣಿಗೆ ಹೋಗುತ್ತಾನೆ ಎಂದಾದರೆ ಮನೆಮಂದಿ ಮೊದಲು ಮುಚ್ಚಿಸುವುದು ಆ ಹುಡುಗಿಯ ಬಾಯಿಯನ್ನು.

ಹಕ್ಕುಗಳು ನಮ್ಮಲ್ಲೂ ಇಲ್ಲವೆಂದಲ್ಲ. ಅತ್ಯಾಚಾರ ಕಾನೂನಿನ ಸುಧಾರಣೆಗೆಂದು ನೇಮಕವಾದ ವರ್ಮಾ ಸಮಿತಿಯ ವರದಿಯ ನಂತರ 2013ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ಸರ್ಕಾರಿ, ಖಾಸಗಿ ಎನ್ನದೆ ಯಾವ ಆಸ್ಪತ್ರೆಯಾದರೂ ಉಚಿತವಾಗಿ ಚಿಕಿತ್ಸೆ ಕೊಡಲೇಬೇಕು. ನಿರಾಕರಿಸಿದರೆ ಒಂದು ವರ್ಷದವರೆಗೆ ಜೈಲು. 2024ರ ಜುಲೈ 1ರಿಂದ ಜಾರಿಯಾದ ಹೊಸ ಸಂಹಿತೆಗಳಲ್ಲೂ ಇದು ಉಳಿದಿದೆ. ಪೊಲೀಸರ ಕಾಗದವಿಲ್ಲದೆಯೇ ತಪಾಸಣೆ ಮಾಡಬಹುದು, ವರದಿಯ ಪ್ರತಿಯನ್ನು ಆಕೆಗೆ ಉಚಿತವಾಗಿ ಕೊಡಬೇಕು, ಲೈಂಗಿಕ ಅನುಭವ ಅಳೆಯುವ ನೆಪದ ಎರಡು ಬೆರಳ ಪರೀಕ್ಷೆ ಕೂಡದು ಎಂದು ಕೇಂದ್ರ ಆರೋಗ್ಯ ಸಚಿವಾಲಯ 2014ರಲ್ಲೇ ಮಾರ್ಗಸೂಚಿ ಹೊರಡಿಸಿತ್ತು. ಆದರೂ ಆ ಪರೀಕ್ಷೆ ಮಾಡುವ ವೈದ್ಯರು ತಪ್ಪಿತಸ್ಥರೆಂದು ಸುಪ್ರೀಂ ಕೋರ್ಟ್ 2022ರ ಅಕ್ಟೋಬರಿನಲ್ಲಿ ಮತ್ತೆ ಹೇಳಬೇಕಾಯಿತು. ನಮ್ಮ ತುರ್ತು ಚಿಕಿತ್ಸಾ ಘಟಕಗಳ ಬಾಗಿಲಲ್ಲಿ "ಎಂಎಲ್‌ಸಿ (ಕಾನೂನಿಗೆ ಸಂಬಂಧಿಸಿದ ವೈದ್ಯಕೀಯ) ಕೇಸು, ಮೊದಲು ಪೊಲೀಸರನ್ನು ಕರ್ಕೊಂಡು ಬನ್ನಿ" ಎಂಬ ಮಾತು ಇನ್ನೂ ಸತ್ತಿಲ್ಲ.

ಚಿಕಿತ್ಸೆ ಕೊಡಬೇಕೆಂಬ ಆ ಕಲಮಿನಲ್ಲೇ ಒಂದು ತೊಡಕಿದೆ. ಆಸ್ಪತ್ರೆ ಕೂಡಲೇ ಪೊಲೀಸರಿಗೆ ತಿಳಿಸಬೇಕು ಎಂದು ಅದು ಹೇಳುತ್ತದೆ. ದೂರು ಬೇಡವೆಂದರೆ ಆಕೆಯ ನಿರಾಕರಣೆಯನ್ನು ಬರೆದಿಟ್ಟುಕೊಳ್ಳಿ ಎಂದು ಮಾರ್ಗಸೂಚಿ ಹೇಳುತ್ತದೆ, ನಿಜ. ಆದರೆ ಠಾಣೆಯವರು ಬರುತ್ತಾರೆಂಬ ಅಂಜಿಕೆಯಿದ್ದವಳು ಆಸ್ಪತ್ರೆಯ ಮೆಟ್ಟಿಲನ್ನೇ ಹತ್ತುವುದಿಲ್ಲ. ಗರ್ಭ ತಡೆಯುವ ಮಾತ್ರೆಯೂ ಸಿಗದು, ಎಚ್‌ಐವಿ ತಡೆಯುವ ಔಷಧವೂ ಸಿಗದು, ಸಾಕ್ಷ್ಯವಂತೂ ಇಲ್ಲವೇ ಇಲ್ಲ. ವಯಸ್ಕ ಹೆಣ್ಣಿಗೆ ಈಗ ತಪಾಸಣೆ ಮಾಡಿಸಿಕೊಂಡು ದೂರಿನ ಬಗ್ಗೆ ಆಮೇಲೆ ನಿರ್ಧರಿಸುವ ಅವಕಾಶ ಬೇಕು. ನುಯೆನ್ ಅವರಿಗೆ ಆ ಅವಕಾಶ ಇತ್ತು, ಅದನ್ನು ಕಸಿದುಕೊಳ್ಳುತ್ತಿದ್ದದ್ದು ಆರು ತಿಂಗಳ ಗಡುವು. ನಮ್ಮಲ್ಲಿ ಅವಕಾಶವೇ ಇಕ್ಕಟ್ಟಿನದು.

ಈ ಕಲಮನ್ನು ತಿದ್ದುವುದು ಸಂಸತ್ತಿನ ಕೆಲಸ. ಆದರೆ ಆಸ್ಪತ್ರೆಗಳೂ ಪೊಲೀಸ್ ಇಲಾಖೆಯೂ ರಾಜ್ಯ ಪಟ್ಟಿಯಲ್ಲಿರುವ ವಿಷಯಗಳು. ಸಂಗ್ರಹಿಸಿದ ಮಾದರಿಗಳನ್ನು ಎಲ್ಲಿ, ಎಷ್ಟು ವರ್ಷ ಇಡಬೇಕು, ಪ್ರಯೋಗಾಲಯಕ್ಕೆ ಎಷ್ಟು ದಿನದೊಳಗೆ ಕಳಿಸಬೇಕು, ನಾಶ ಮಾಡುವ ಮೊದಲು ಯಾರಿಗೆ ಪತ್ರ ಬರೆಯಬೇಕು ಎಂಬ ನಿಯಮಗಳನ್ನು ಕರ್ನಾಟಕ ತಾನೇ ಮಾಡಬಹುದು. ಪ್ರತಿ ಜಿಲ್ಲಾಸ್ಪತ್ರೆಯಲ್ಲೂ ದೌರ್ಜನ್ಯಕ್ಕೆ ಒಳಗಾದ ಮಹಿಳೆಯರ ನೆರವಿಗಿರುವ ಪ್ರತಿ ಸಖಿ ಕೇಂದ್ರದಲ್ಲೂ ಬಂದವಳ ಕೈಗೆ ಮೊದಲು ಕನ್ನಡದಲ್ಲಿ ಅಚ್ಚಾದ ಒಂದು ಹಾಳೆ ಕೊಡುವುದನ್ನು ಕಡ್ಡಾಯ ಮಾಡಬಹುದು: ಹಣ ಕೊಡಬೇಕಾಗಿಲ್ಲ, ಯಾವ ತಪಾಸಣೆಯನ್ನಾದರೂ ಬೇಡವೆನ್ನಬಹುದು, ವರದಿಯ ಪ್ರತಿ ನಿಮ್ಮದು, ಸಾಕ್ಷ್ಯ ಇಂಥ ಕಡೆ ಇಂಥ ದಿನಾಂಕದವರೆಗೆ ಇರುತ್ತದೆ, ವಿಚಾರಿಸಲು ಈ ನಂಬರಿಗೆ ಫೋನ್ ಮಾಡಿ. ಮುಂದಿನ ಅಧಿವೇಶನದಲ್ಲಿ ಯಾವ ಪಕ್ಷದ ಶಾಸಕರಾದರೂ ಸರಿ, ಇಷ್ಟನ್ನು ಕೇಳಿ ಒಂದು ಖಾಸಗಿ ಮಸೂದೆಯನ್ನಾದರೂ ಮಂಡಿಸಲಿ.