ಹಾಲಿಗೆ ಯಜಮಾನರಿದ್ದಾರೆ, ಹಾವಳಿಗೆ ಯಾರು?

ಬೆಳಗಿನ ಜಾವ ಹಾಲು ಕರೆಯುವಾಗ ಹಸುವಿಗೆ ಯಜಮಾನ ಇರುತ್ತಾನೆ. ಅದೇ ಹಸು ಏಳು ಗಂಟೆಗೆ ಬಸ್ ಸ್ಟ್ಯಾಂಡ್ ಬಾಗಿಲಿಗೆ ಅಡ್ಡ ಮಲಗಿದರೆ ಅದು ಯಾರದೂ ಅಲ್ಲ! ತರಕಾರಿ ಅಂಗಡಿಯ ಕೊತ್ತಂಬರಿ ಕಟ್ಟಿಗೆ ಬಾಯಿ ಹಾಕಿದರೂ ಯಾರದೂ ಅಲ್ಲ. ರಾತ್ರಿ ಕತ್ತಲಲ್ಲಿ ಬೈಕಿನವನು ಅದಕ್ಕೆ ಗುದ್ದಿ ಬಿದ್ದು ಕಾಲು ಮುರಿದುಕೊಂಡರಂತೂ ಕೇಳೋದೇ ಬೇಡ. ಹಸುವಿಗೆ ಪೆಟ್ಟಾಯಿತೋ, ದುಡ್ಡು ಕೇಳಲು ಯಜಮಾನ ಮತ್ತೆ ಹಾಜರ್!

ನಾಯಿಯ ಕತೆಯೂ ಇಷ್ಟೇ. ಮರಿಯಾಗಿದ್ದಾಗ ಮನೆಮಂದಿಗೆಲ್ಲ ಮುದ್ದು. ಬೆಳೆದು ಮರಿ ಹಾಕಿತೋ, ತಾಯಿ ಮರಿ ಎಲ್ಲ ಗೋಣಿಚೀಲದಲ್ಲಿ ಪಕ್ಕದ ಬಡಾವಣೆಗೆ ರವಾನೆ.

ನೆಲಮಂಗಲ, ಹೊಸಕೋಟೆ, ಆನೇಕಲ್‌ನಂಥ ಬೆಂಗಳೂರಿನ ಮಗ್ಗುಲ ಊರುಗಳು ಅರ್ಧ ಹಳ್ಳಿ, ಅರ್ಧ ಪಟ್ಟಣ. ಇಂಥ ಕಡೆ ಹೊಲ, ಗೋಮಾಳಗಳು ಸೈಟುಗಳಾದವು, ಕೊಟ್ಟಿಗೆಗಳು ಮಾತ್ರ ಉಳಿದವು. ಮೇಯಲು ಜಾಗವಿಲ್ಲದ ದನ ತಿಪ್ಪೆಗೆ ಹೋಗುತ್ತದೆ, ಪ್ಲಾಸ್ಟಿಕ್ ತಿಂದು ಹೊಟ್ಟೆ ಉಬ್ಬಿ ಸಾಯುತ್ತದೆ. ಎರಡು ಹಸು ಕಟ್ಟಿ ಸಂಸಾರ ನಡೆಸುವವರ ಕಷ್ಟ ಸುಳ್ಳಲ್ಲ. ಹಾಗಂತ ಹಾಲು ಮಾತ್ರ ಮನೆಗೆ, ಹಸು ಬೀದಿಗೆ ಅನ್ನೋದು ಯಾವ ನ್ಯಾಯ?

ಕಾನೂನು ಇಲ್ಲವೇ ಅಂದರೆ, ಬೇಕಾದಷ್ಟಿದೆ. ಅಡ್ಡಾಡುವ ದನವನ್ನು ದೊಡ್ಡಿಗೆ ಕೂಡಿ, ದಂಡ ಮತ್ತು ಮೇವಿನ ಖರ್ಚು ಕಟ್ಟಿಸಿಕೊಂಡು ಬಿಡುವುದು ಬ್ರಿಟಿಷರ 1871ರ ಕಾಯ್ದೆಯಿಂದಲೂ ಬಂದ ಪದ್ಧತಿ. ಸಾಕಿದ ಪ್ರಾಣಿಯಿಂದ ಜನರ ಜೀವಕ್ಕೆ ಅಪಾಯವಾಗದಂತೆ ನೋಡಿಕೊಳ್ಳದ ಯಜಮಾನನಿಗೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಲ್ಲಿ 6 ತಿಂಗಳವರೆಗೆ ಸಜೆ, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಉಂಟು. ಸಾಕುನಾಯಿಗೆ ಲಸಿಕೆ, ಸಂತಾನಹರಣ ಮಾಡಿಸುವುದು ಯಜಮಾನನ ಹೊಣೆ, ಬೀದಿನಾಯಿಗೆ ಮಾಡಿಸುವುದು ಸ್ಥಳೀಯ ಸಂಸ್ಥೆಯ ಹೊಣೆ ಎಂದು 2023ರ ಕೇಂದ್ರ ನಿಯಮಗಳೇ ಹೇಳುತ್ತವೆ. ಸಾಲದ್ದಕ್ಕೆ 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಿಂದ ಬೀದಿನಾಯಿಗಳನ್ನು ತೆಗೆದು ಆಶ್ರಯ ಕೇಂದ್ರಕ್ಕೆ ಸೇರಿಸಿ, ಹೆದ್ದಾರಿಗಳಿಂದ ದನಗಳನ್ನು ತೆರವು ಮಾಡಿ ಎಂದು ಆದೇಶಿಸಿತು.

ಆದೇಶ ಬರೆದ ಕಾಗದ ನಾಯಿ ಹಿಡಿಯುತ್ತದೆಯೇ? ಹಿಡಿದ ನಾಯಿ ಇಡಲು ಜಾಗ ಬೇಕು, ವೈದ್ಯರು ಬೇಕು, ಬಜೆಟ್ಟಿನಲ್ಲಿ ಹಣ ಬೇಕು. ದನ ಹಿಡಿದರೆ ಕೂಡಲು ದೊಡ್ಡಿ ಬೇಕು. ಎಲ್ಲಕ್ಕಿಂತ ಮೊದಲು, ಯಾವ ಪ್ರಾಣಿ ಯಾರದು ಎಂಬ ಲೆಕ್ಕ ಬೇಕು. ದನದ ಕಿವಿಗೆ ಪಶು ಇಲಾಖೆಯವರು 12 ಅಂಕಿಯ ಓಲೆ ಹಾಕುವುದು ಮತ್ತೇಕೆ? ಓಲೆ ನೋಡಿ ಯಜಮಾನನ ಮನೆಗೆ ನೋಟೀಸು ಕಳಿಸುವುದು ಪುರಸಭೆಗೆ ಅಂಥ ಬ್ರಹ್ಮವಿದ್ಯೆಯೇನಲ್ಲ. ಸಾಕುನಾಯಿಗೂ ಇಂಥದೇ ರಿಜಿಸ್ಟರು, ಬಿಲ್ಲೆ ಆಗಲಿ. ಲಸಿಕೆ ಚೀಟಿ ತೋರಿಸಿದವರಿಗೇ ಬಿಲ್ಲೆ.

ವ್ಯಾಪಾರಸ್ಥರೂ ತಮ್ಮ ಅಂಗಡಿ ಮುಂದೆ ಒಮ್ಮೆ ನೋಡಿಕೊಳ್ಳಬೇಕು. ಹೋಟೆಲಿನ ಎಂಜಲೆಲೆ, ಕೋಳಿ ಅಂಗಡಿಯ ತ್ಯಾಜ್ಯ, ಕೊಳೆತ ತರಕಾರಿ ಎಲ್ಲವೂ ಮೂಲೆಗೆ ಸುರಿದರೆ ನಾಯಿ, ದನಗಳಿಗೆ ಕರೆದು ಊಟ ಬಡಿಸಿದಂತೆಯೇ. ಊಟ ಹಾಕಿ ಆಮೇಲೆ ದೊಣ್ಣೆ ಎತ್ತಿದರೆ ಏನು ಬಂತು? ಕಲ್ಲು ಹೊಡೆಯುವುದು, ವಿಷ ಇಡುವುದು ಪರಿಹಾರವೂ ಅಲ್ಲ, ಅದು ಅಪರಾಧ ಕೂಡ.

ನಾಯಿ ಕಚ್ಚಿದಾಗ ಸುಣ್ಣ, ಖಾರದ ಪುಡಿ ಮೆತ್ತುವವರು ಇನ್ನೂ ಇದ್ದಾರೆ. ಹಾಗೆ ಮಾಡಬಾರದು. ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಬೇಕು. ಹುಚ್ಚುನಾಯಿ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ತೀರಾ ಅಪರೂಪ. ಕಚ್ಚಿಸಿಕೊಳ್ಳುವವರಲ್ಲಿ ಮಕ್ಕಳೇ ಹೆಚ್ಚು ಎಂಬುದನ್ನು ಮರೆಯಬಾರದು.

ನಲ್ಲಿಗೆ ಕಂದಾಯ, ಮನೆಗೆ ಕಂದಾಯ, ಅಂಗಡಿಗೆ ಲೈಸೆನ್ಸು ಕೇಳುವ ಪುರಪಿತೃಗಳಿಗೆ ಬೀದಿಗೆ ಬಿಟ್ಟ ಪ್ರಾಣಿಯ ಯಜಮಾನ ಮಾತ್ರ ಕಣ್ಣಿಗೆ ಬೀಳುವುದಿಲ್ಲವೇ? ಮುಂದಿನ ಸಭೆಯಲ್ಲಿ ರಿಜಿಸ್ಟರು, ದೊಡ್ಡಿ, ನಾಯಿಗಳ ಆಶ್ರಯ, ಈ ಮೂರನ್ನೂ ಅಜೆಂಡಾಕ್ಕೆ ತರಲಿ. ಮಗುವೊಂದು ಬಲಿಯಾದ ಮೇಲೆ ತುರ್ತು ಸಭೆ ಕರೆದರೆ ಯಾರಿಗೆ ಉಪಯೋಗ?