ಶಾಲೆಯ ತಕ್ಕಡಿಗೆ ಮುದ್ರೆ ಹಾಕುವವರಾರು?

ಸಂತೆಯಲ್ಲಿ ಕುಳಿತು ಕಾಳುಕಡಿ ಮಾರುವ ಚಿಕ್ಕ ವ್ಯಾಪಾರಿಯ ತಕ್ಕಡಿಗೂ ಸರಕಾರದ ಮುದ್ರೆ ಇರಲೇಬೇಕು. ತೂಕದ ಕಲ್ಲು ಸವೆದಿದ್ದರೆ ಕಾನೂನು ಮಾಪನ ಇಲಾಖೆಯವರು ದಂಡ ಹಾಕುತ್ತಾರೆ. ಗಿರಣಿಯ ಬಾಗಿಲಿಗೆ ಬಂದ ಹತ್ತಿಯನ್ನು ತೂಗಿ ನೋಡದೆ ಯಾವ ಮಾಲಕನೂ ಒಳಗೆ ಬಿಡುವುದಿಲ್ಲ. ಇದು ಸರಿಯೇ. ಆದರೆ ಗಜೇಂದ್ರಗಡ ತಾಲೂಕಿನ ರಾಜೂರದಂಥ ಒಂದು ಊರಿನಲ್ಲಿ ಕೂಲಿಕಾರನ ಮಗಳೊಬ್ಬಳು ಐದು ವರ್ಷ ಸಾಲಿಗೆ ಹೋಗಿ ಬಂದಳೆನ್ನೋಣ. ಅವಳಿಗೆ ನಾಲ್ಕು ಸಾಲು ಓದಲು ಬಂದಿತೇ, ಒಂದು ಭಾಗಾಕಾರ ಮಾಡಲು ಬಂದಿತೇ ಎಂದು ತೂಗಿ ನೋಡಿ ಮುದ್ರೆ ಹಾಕುವವರು ಯಾರು? ಈ ಪ್ರಶ್ನೆಯನ್ನು ನಾವು ಇಂದು ಓದುಗರ ಮುಂದೆ ಇಡಬಯಸುತ್ತೇವೆ.

ಹತ್ತನೆಯ ಇಯತ್ತೆಯ ತನಕ ಯಾರೂ ತೂಗುವುದಿಲ್ಲ. ಅಲ್ಲಿ ಮಾತ್ರ ಒಮ್ಮೆಲೇ ತಕ್ಕಡಿ ಎತ್ತುತ್ತಾರೆ. ಆಗ ಆಗುವುದೇನೆಂಬುದನ್ನು 2024ರಲ್ಲಿ ಇಡೀ ರಾಜ್ಯ ಕಂಡಿತು. ಆ ವರ್ಷ ಎಸ್.ಎಸ್.ಎಲ್.ಸಿ. ಪರೀಕ್ಷಾ ಕೊಠಡಿಗಳಿಗೆ ಕ್ಯಾಮರಾ ಕಣ್ಗಾವಲು ಬಂದಿತು. ನಕಲು ನಿಂತಿತು. ಅದರೊಡನೆ ಫಲಿತಾಂಶವೂ ಕುಸಿಯಿತು. ಸರಕಾರ ಮಾಡಿದ್ದೇನು? ಶೇಕಡಾ 10ರಷ್ಟಿದ್ದ ಕೃಪಾಂಕವನ್ನು ಶೇಕಡಾ 20ಕ್ಕೆ ಏರಿಸಿತು. ಅಷ್ಟು ಮಾಡಿದರೂ 2023ರಲ್ಲಿ ಶೇಕಡಾ 83.89 ಇದ್ದ ಫಲಿತಾಂಶ 73.40ಕ್ಕೆ ಇಳಿಯಿತು. ಕೃಪಾಂಕದಿಂದಲೇ ದಡ ಸೇರಿದ ಮಕ್ಕಳು ಒಂದೂವರೆ ಲಕ್ಷಕ್ಕೂ ಹೆಚ್ಚು. ಮರುವರ್ಷ ಆ ಕೃಪೆಯನ್ನು ನಿಲ್ಲಿಸಿದಾಗ, 2025ರ ಮೊದಲ ಪರೀಕ್ಷೆಯ ಫಲಿತಾಂಶ ಶೇಕಡಾ 70ನ್ನು ಮುಟ್ಟಲಿಲ್ಲ. ಅದೇ ವರ್ಷ ಉತ್ತೀರ್ಣತೆಯ ಅಂಕವನ್ನು 35ರಿಂದ 33ಕ್ಕೆ ಇಳಿಸುವ ತೀರ್ಮಾನವಾಯಿತು. ವ್ಯಾಪಾರಿಯೊಬ್ಬ ಹೀಗೆ ಕಲ್ಲು ಹಗುರ ಮಾಡಿದರೆ ಅದಕ್ಕೆ ಮೋಸವೆನ್ನುತ್ತೇವೆ. ಸರಕಾರ ಮಾಡಿದರೆ ಅದು ವಿದ್ಯಾರ್ಥಿಸ್ನೇಹಿ ಸುಧಾರಣೆ!

ನಪಾಸಾದ ಮಗುವನ್ನು ನಾವು ದೂರುವುದಿಲ್ಲ. ಆ ಮಗುವನ್ನು ಹತ್ತನೆಯ ಇಯತ್ತೆಯ ತನಕ ಕೈಬಿಟ್ಟವರು ದೊಡ್ಡವರು. ಮಾಸ್ತರರೊಬ್ಬರನ್ನೇ ದೂರುವುದೂ ನ್ಯಾಯವಲ್ಲ. ದೋಷವಿರುವುದು ಮೇಲ್ವಿಚಾರಣೆಯಲ್ಲಿ.

ನಮ್ಮ ಸೀಮೆಗೆ ಮೇಲ್ವಿಚಾರಣೆ ಹೊಸದಲ್ಲ. ಮುಂಬಯಿ ಇಲಾಖೆಯ ಕಾಲದಲ್ಲಿ ಈ ಭಾಗದ ಸಾಲಿಗಳಲ್ಲಿ ಮರಾಠಿ ಮೆರೆಯುತ್ತಿದ್ದಾಗ, ಶಿಕ್ಷಣಾಧಿಕಾರಿಯಾಗಿ ಊರೂರು ತಿರುಗಿ ಕನ್ನಡ ಸಾಲಿಗಳನ್ನು ನಿಲ್ಲಿಸಿದವರು ಡೆಪ್ಯುಟಿ ಚನ್ನಬಸಪ್ಪನವರು (1834-1881). 'ಡೆಪ್ಯುಟಿ' ಎಂಬ ಹುದ್ದೆಯೇ ಅವರ ಹೆಸರಿಗೆ ಅಂಟಿಕೊಂಡಿತೆಂದರೆ, ಆ ಹುದ್ದೆ ಜನರ ಕಣ್ಣಿಗೆ ಎಷ್ಟು ಬೆಲೆಯುಳ್ಳದ್ದಾಗಿತ್ತೆಂದು ತಿಳಿಯಬಹುದು. ಆ ಹಳೆಯ ಪದ್ಧತಿಯನ್ನು ನಾವು ಹೊಗಳಿ ಅಟ್ಟಕ್ಕೇರಿಸಬೇಕಾಗಿಲ್ಲ. ಸಾಹೇಬರ ತಪಾಸಣೆಯೆಂದರೆ ಮಾಸ್ತರರಿಗೆ ನಡುಕ, ಮುಲ್ಕಿ ಪರೀಕ್ಷೆಯ ತನಕ ಮುಟ್ಟಿದ ಬಡವರ ಮಕ್ಕಳು ವಿರಳ, ಹೆಣ್ಣುಮಕ್ಕಳು ಮತ್ತು ದಲಿತರು ಇನ್ನೂ ವಿರಳ. ಆದರೂ ಅಧಿಕಾರಿಯು ಸಾಲಿಯೊಳಗೆ ಕುಳಿತು ಹುಡುಗನಿಂದ ಪುಸ್ತಕ ಓದಿಸಿ, ಲೆಕ್ಕ ಕೇಳಿ, ಶೇರಾ ಬರೆದು ಹೋಗುವ ರೂಢಿಯಾದರೂ ಇತ್ತು.

ಇಂದು ಹುದ್ದೆಗಳಿಗೆ ಬರವಿಲ್ಲ. ಗದಗಿನಲ್ಲಿ ಉಪನಿರ್ದೇಶಕರು, ಅವರ ಕೆಳಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳು, ಶಿಕ್ಷಣ ಸಂಯೋಜಕರು, ಕ್ಷೇತ್ರ ಸಂಪನ್ಮೂಲ ಕೇಂದ್ರ, ಸಮೂಹ ಸಂಪನ್ಮೂಲ ವ್ಯಕ್ತಿಗಳು, ತರಬೇತಿಗೆ ಡಯಟ್. ಏಣಿಗೆ ಮೆಟ್ಟಿಲುಗಳು ಬೇಕಾದಷ್ಟಿವೆ. ಆದರೆ ಆ ಏಣಿಯನ್ನು ಹತ್ತಿ ಇಳಿಯುವುದು ಮಾಹಿತಿ, ಕಲಿಕೆಯಲ್ಲ. ಹಾಲು ಕುಡಿದವರೆಷ್ಟು, ತತ್ತಿ ತಿಂದವರೆಷ್ಟು, ಹಾಜರಿ ಎಷ್ಟು ಎಂದು ಮೊಬೈಲಿನಲ್ಲಿ ತುಂಬುವುದರಲ್ಲೇ ಮಾಸ್ತರರ, ಅಕ್ಕೋರ ಹೊತ್ತು ಹೋಗುತ್ತದೆ. ಮೇಲಿನಿಂದ ಬಂದವರು ಕೇಳುವುದೂ ಅದನ್ನೇ. ಕಾಗದ ಸರಿಯಾಗಿದ್ದರೆ ಸಾಲಿ ಸರಿಯಾಗಿದೆ ಎಂಬ ತೀರ್ಪು! ಕರಿಹಲಗೆಯ ಮುಂದೆ ನಿಂತು ಬಂದ ನಮಗೆ ಈ ಕಾಗದದ ಮಹಿಮೆ ತಿಳಿಯದ್ದಲ್ಲ.

2025ರ ಸಪ್ಟೆಂಬರದಲ್ಲಿ ಆರಂಭವಾದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಮಾಸ್ತರರನ್ನು ಮನೆಮನೆಗೆ ಅಟ್ಟಲಾಯಿತು. ಕೆಲಸ ಮುಗಿಯದೆ ದಸರಾ ರಜೆಯನ್ನು ಅಕ್ಟೋಬರ 18ರ ತನಕ ಬೆಳೆಸಲಾಯಿತು. ಸಮೀಕ್ಷೆ ಬೇಕು, ಹಿಂದುಳಿದವರ ಲೆಕ್ಕ ಸಿಗಬೇಕೆಂಬುದು ಸಮಾಜವಾದಿಗಳ ಹಳೆಯ ಬೇಡಿಕೆ. ಆದರೆ ಆ ಹಿಂದುಳಿದವರ ಮಕ್ಕಳ ಪಾಠದ ದಿನಗಳನ್ನೇ ಕಿತ್ತು ಆ ಲೆಕ್ಕ ಬರೆಯಬೇಕಾಗಿತ್ತೇ? ಖಾಸಗಿ ಸಾಲಿಯ ಮಗುವಿನ ಪಾಠ ನಿಲ್ಲಲಿಲ್ಲ. ನಿಂತದ್ದು ಸರಕಾರಿ ಮತ್ತು ಅನುದಾನಿತ ಸಾಲಿಗಳ ಮಗುವಿನದು. ಇನ್ನು ಖಾಲಿ ಬಿದ್ದ ಜಾಗಗಳಲ್ಲಿ ಅತಿಥಿ ಶಿಕ್ಷಕರನ್ನು ಕೂಡ್ರಿಸಿ ವರ್ಷಗಳನ್ನು ತಳ್ಳುವ ಪರಿಪಾಠ. 2025ರ ಬಜೆಟ್ಟಿನಲ್ಲಿ ಅವರ ಗೌರವಧನವನ್ನು 2,000 ರೂಪಾಯಿ ಏರಿಸಿದ ಮೇಲೂ, ಗಿರಣಿಯಲ್ಲಿ ಹಮಾಲಿ ಮಾಡುವವನ ಗಳಿಕೆಯೊಂದಿಗೆ ಅದನ್ನು ಹೋಲಿಸಿ ನೋಡಿದರೆ ನಾಚಿಕೆಯಾಗಬೇಕು. ಗಜೇಂದ್ರಗಡದ ನೆರೆಯ ಕುಷ್ಟಗಿ, ಯಲಬುರ್ಗಾ ತಾಲೂಕುಗಳಿಗೆ 371(ಜೆ) ವಿಧಿಯ ವಿಶೇಷ ಸೌಲಭ್ಯವುಂಟು. ಗಡಿಗೆರೆಯ ಈಚೆಗಿರುವ ನಮ್ಮ ಹಳ್ಳಿಗಳಿಗೆ ಅದೂ ಇಲ್ಲ.

ಕಲಿಸುವ ಪದ್ಧತಿಯ ಗತಿ ಹೀಗಾದರೆ, ಕಲಿಸುವ ಪಾಠದ ಗತಿ ಇನ್ನೂ ವಿಚಿತ್ರ. ಬರಗೂರು ರಾಮಚಂದ್ರಪ್ಪನವರ ಸಮಿತಿ ಪರಿಷ್ಕರಿಸಿದ ಪುಸ್ತಕಗಳು 2017ರಲ್ಲಿ ಬಂದವು. ಸರಕಾರ ಬದಲಾಗಿ 2022ರಲ್ಲಿ ರೋಹಿತ್ ಚಕ್ರತೀರ್ಥರ ಸಮಿತಿ ಅವುಗಳನ್ನು ಮತ್ತೆ ತಿದ್ದಿತು. ಬಸವಣ್ಣನವರ ಪಾಠವನ್ನು ತಿರುಚಿದ್ದಾರೆಂದು ಮಠಾಧೀಶರು ಸಿಡಿದೆದ್ದರು. ದೇವನೂರ ಮಹಾದೇವರು ತಮ್ಮ ಪಾಠಕ್ಕೆ ಕೊಟ್ಟ ಅನುಮತಿಯನ್ನೇ ಹಿಂತೆಗೆದುಕೊಂಡರು. 2023ರಲ್ಲಿ ಸರಕಾರ ಮತ್ತೆ ಬದಲಾಯಿತು; ಅಚ್ಚಾಗಿ ಹೋದ ಪುಸ್ತಕದ ಕೆಲವು ಪಾಠಗಳನ್ನು ಕಲಿಸಬೇಡಿರೆಂದು ಸಂಪುಟ ತೀರ್ಮಾನಿಸಿತು. 2024ರಲ್ಲಿ ಮಂಜುನಾಥ ಹೆಗಡೆಯವರ ಸಮಿತಿ ಮತ್ತೊಮ್ಮೆ ತಿದ್ದಿತು. 2022ರ ತಿದ್ದುಪಡಿ ಒಂದು ಪಂಥದ ಕೈವಾಡವೆಂದು ನಾವು ಬಲ್ಲೆವು, ಅದನ್ನು ಖಂಡಿಸುತ್ತೇವೆ. ಆದರೆ ಸರಕಾರ ಬಿದ್ದಾಗೊಮ್ಮೆ ಪುಸ್ತಕ ಬೀಳುವ ಈ ಆಟದಲ್ಲಿ ರಾಜೂರದ ಪಾಲಕನನ್ನು ಯಾರಾದರೂ ಕೇಳಿದರೇ? ತರಗತಿಯಲ್ಲಿ ಪಾಠ ಮಾಡುವ ಮಾಸ್ತರರನ್ನು ಕೇಳಿದರೇ? ನಾನೂರು ಕಿಲೋಮೀಟರಿಗೂ ಆಚೆ ಬೆಂಗಳೂರಿನಲ್ಲಿ ಬರೆದರು, ಅಲ್ಲಿಯೇ ಅಳಿಸಿದರು.

ಇಲ್ಲಿ ಕೆಲವರು ಕೇಳಬಹುದು: ಹಾಗಾದರೆ ವರ್ಷ ವರ್ಷವೂ ಬೋರ್ಡ್ ಪರೀಕ್ಷೆ ಇಟ್ಟರಾಗದೇ? ಅದನ್ನೂ ನೋಡಿದೆವು. 2023 ಮತ್ತು 2024ರಲ್ಲಿ ಐದನೆಯ, ಎಂಟನೆಯ ಮಕ್ಕಳನ್ನು ಅಂಥ ಪರೀಕ್ಷೆಗೆ ನೂಕಿದಾಗ ವ್ಯಾಜ್ಯ ಹೈಕೋರ್ಟು ಸುಪ್ರೀಂ ಕೋರ್ಟುಗಳ ನಡುವೆ ಓಲಾಡಿತು. ಮಕ್ಕಳಿಗೆ ಪರೀಕ್ಷೆ ನಾಳೆಯೋ ನಾಡದೋ ತಿಳಿಯದಂತಾಯಿತು. ವರ್ಷದ ಕೊನೆಗೆ ಹೆದರಿಸಿ ತೂಗುವುದು ಮೇಲ್ವಿಚಾರಣೆಯಲ್ಲ. ಹಿಂದೆ ಬಿದ್ದ ಮಗುವನ್ನು ಮೂರನೆಯ ಇಯತ್ತೆಯಲ್ಲೇ ಗುರುತಿಸಿ ಕೈಹಿಡಿದು ನಡೆಸುವುದು ಮೇಲ್ವಿಚಾರಣೆ. 1995ರಲ್ಲಿ ಹೆಗ್ಗಡದೇವನಕೋಟೆಯ ಮಾಸ್ತರರು ತಾವೇ ಕೂಡಿ ಕಟ್ಟಿದ 'ನಲಿ ಕಲಿ' ಇಂಥದೇ ಆಗಿತ್ತು. 2009-10ರಲ್ಲಿ ಅದನ್ನು ಸುತ್ತೋಲೆಯ ಮೂಲಕ ರಾಜ್ಯಕ್ಕೆಲ್ಲ ಹಂಚಿದರು. ಕಾರ್ಡುಗಳು ಎಲ್ಲ ಊರಿಗೂ ಮುಟ್ಟಿದವು. ಮಾಸ್ತರರ ಆ ಉತ್ಸಾಹವನ್ನು ಸುತ್ತೋಲೆಯಲ್ಲಿ ಕಟ್ಟಿ ಕಳಿಸಲು ಬರಲಿಲ್ಲ.

ಹಾಗಾದರೆ ಉಪಾಯವೇನು? ಅದು ಕಾನೂನಿನಲ್ಲೇ ಇದೆ. 2010ರ ಎಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯಿದೆ ಪ್ರತಿ ಸಾಲಿಗೂ ಒಂದು ಸಮಿತಿ ಬೇಕೆನ್ನುತ್ತದೆ. ಅದರಲ್ಲಿ ಮುಕ್ಕಾಲು ಪಾಲು ಪಾಲಕರು, ಅರ್ಧದಷ್ಟು ಹೆಂಗಸರು. ನಮ್ಮ ರಾಜ್ಯದಲ್ಲಿ 2001ರಿಂದಲೇ ಎಸ್.ಡಿ.ಎಂ.ಸಿ. ಇದೆ. ಸಾಲಿಯ ಕೆಲಸವನ್ನು ನೋಡಿಕೊಳ್ಳುವ ಅಧಿಕಾರ ಈ ಸಮಿತಿಗೆ ಉಂಟು. ಪ್ರತಿ ಮಗುವಿನ ಕಲಿಕೆಯನ್ನು ಅಳೆದು, ಬೇಕಾದವರಿಗೆ ಹೆಚ್ಚಿನ ಪಾಠ ಹೇಳಿ, ಪಾಲಕರಿಗೆ ತಿಳಿಸುವುದು ಮಾಸ್ತರರ ಕರ್ತವ್ಯವೆಂದು ಅದೇ ಕಾಯಿದೆ ಸಾರುತ್ತದೆ. ಆದರೆ ಸಮಿತಿಯನ್ನು ನಾವು ಗೋಡೆಗೆ ಸುಣ್ಣ ಬಳಿಯುವುದಕ್ಕೆ, ಧ್ವಜಾರೋಹಣಕ್ಕೆ ಮತ್ತು ಚೆಕ್ಕಿಗೆ ಸಹಿ ಹಾಕುವುದಕ್ಕೆ ಮೀಸಲಿಟ್ಟಿದ್ದೇವೆ. 'ನಮಗೇನು ತಿಳಿಯುತ್ತದೆ, ನಾವು ಓದಿದವರಲ್ಲ' ಎನ್ನುವವರಿಗೆ ನಮ್ಮ ಉತ್ತರವಿಷ್ಟೆ: ಗದಗಿನ ಮಗ್ಗುಲ ಕಣಗಿನಹಾಳದ ರೈತರು 1905ರಲ್ಲಿ ಸಹಕಾರಿ ಸಂಘ ಕಟ್ಟಿ, ಊರವರೇ ತಮ್ಮ ಹಣದ ಲೆಕ್ಕ ನೋಡಬಲ್ಲರೆಂದು ದೇಶಕ್ಕೆ ತೋರಿಸಿದರು. ಹಣದ ಲೆಕ್ಕ ನೋಡಬಲ್ಲವರು ಮಕ್ಕಳ ಲೆಕ್ಕ ನೋಡಲಾರರೇ?

ಆದುದರಿಂದ ನಮ್ಮ ಬೇಡಿಕೆಗಳು ಸ್ಪಷ್ಟ. ಮೂರು ತಿಂಗಳಿಗೊಮ್ಮೆ, ಕೂಲಿಯಿಂದ ಮರಳಿದ ತಾಯಂದಿರು ಬರಬಹುದಾದ ಸಂಜೆ ಹೊತ್ತಿನಲ್ಲಿ, ಸಮಿತಿ ಸೇರಬೇಕು. ಮೂರರಿಂದ ಐದನೆಯ ಇಯತ್ತೆಯ ಪ್ರತಿ ಮಗುವೂ ಒಂದು ಪುಟ ಓದಬೇಕು, ಒಂದು ಲೆಕ್ಕ ಬಿಡಿಸಬೇಕು. ಬಾರದಿದ್ದರೆ ಮಗುವಿಗೂ ಮಾಸ್ತರರಿಗೂ ಶಿಕ್ಷೆಯಿಲ್ಲ, ನೆರವು ಮಾತ್ರ. ಎರಡನೆಯದು, ಅಧಿಕಾರಿಯು ಸಾಲಿಗೆ ಬಂದರೆ ಪೂರ್ತಿ ಒಂದು ದಿನ ಪಾಠ ಕೇಳಬೇಕು. ಬರೆದ ಶೇರಾವನ್ನು ಸಮಿತಿಯ ಮುಂದೆ ಓದಿ ಹೇಳಬೇಕು. ಮೂರನೆಯದು, ಖಾಲಿ ಜಾಗಗಳನ್ನು ಖಾಯಂ ಶಿಕ್ಷಕರಿಂದ ತುಂಬಬೇಕು. ಅವರನ್ನು ಗುಮಾಸ್ತರನ್ನಾಗಿ ದುಡಿಸಕೂಡದು. ನಾಲ್ಕನೆಯದು, ಪಠ್ಯವನ್ನು ತಿದ್ದುವ ಕೆಲಸ ಮಂತ್ರಿಗಳ ಮರ್ಜಿಗೆ ಒಳಪಡದ, ಶಾಸನಬದ್ಧ ಮಂಡಳಿಯೊಂದರ ಕೈಗೆ ಹೋಗಬೇಕು. ಕರಡನ್ನು ಅಚ್ಚಿಗೆ ಮೊದಲೇ ಜನರ ಮುಂದಿಡಬೇಕು.

ನಮ್ಮ ಓದುಗರಿಗೂ ಒಂದು ಮಾತು. ದುಡಿದ ಹಣದಲ್ಲಿ ಫೀ ಕಟ್ಟಿ ಮಗನನ್ನು ಇಂಗ್ಲಿಷ್ ಸಾಲಿಯ ಬಸ್ಸಿಗೆ ಹತ್ತಿಸಿದ ವ್ಯಾಪಾರಿ, 'ಸರಕಾರಿ ಸಾಲಿ ಏನಾದರೇನು' ಎಂದುಕೊಂಡರೆ ಅದು ಸ್ವಂತ ಕಾಲಿಗೆ ಕೊಡಲಿ. ಉಳ್ಳವರ ಮತ್ತು ಇಲ್ಲದವರ ಮಕ್ಕಳು ಒಂದೇ ಸಾಲಿಯಲ್ಲಿ ಕೂಡ್ರಬೇಕೆಂದು ಕೊಠಾರಿ ಆಯೋಗ 1966ರಲ್ಲೇ ಹೇಳಿತು. ದನಿಯುಳ್ಳವರು ಹೊರಗೆ ಹೋದಂತೆಲ್ಲ ಒಳಗಿನ ಸಾಲಿಯನ್ನು ಕೇಳುವವರು ಇಲ್ಲದಾಗುತ್ತಾರೆ. ಖಾಸಗಿಯವರ ಫೀಯೂ ಅಷ್ಟಷ್ಟು ಏರುತ್ತದೆ.

ನಮ್ಮ ಕಾರ್ಯಕರ್ತರು ಈ ಕೆಲಸವನ್ನು ರಾಜೂರದಿಂದ ಕೈಗೆತ್ತಿಕೊಳ್ಳಲಿ. ಅಲ್ಲಿಂದ ರೋಣ, ನರಗುಂದಗಳ ಹಳ್ಳಿಗಳಿಗೆ ಅದು ಹಬ್ಬಲಿ. ಜಯಕಾರ, ಮೆರವಣಿಗೆ ಆಮೇಲಾಗಲಿ. ಮೊದಲು ಸಮಿತಿಯ ಸದಸ್ಯರಾರೆಂದು ಕೇಳಿ ತಿಳಿಯಿರಿ, ಸಭೆ ಕರೆಯಿಸಿರಿ, ಮಗುವಿನ ಕೈಗೆ ಪುಸ್ತಕ ಕೊಟ್ಟು ಓದಿಸಿ ಕೇಳಿರಿ. ಆ ತಕ್ಕಡಿಗೆ ಮುದ್ರೆ ಹಾಕುವ ಹಕ್ಕು ನಿಮ್ಮದು.