ಬಸ್ಸಿಗೆ ಯಾಕೆ ಬೈತೀರಿ?

"ಥೂ, ಈ ನಡುವೆ ಫ್ಲೈಟ್ ಅನ್ನೋದು ಕೆಎಸ್ಸಾರ್ಟಿಸಿ ಬಸ್ಸಾಗ್ಹೋಗಿದೆ ಗುರೂ!"

ಲಾಂಗ್ ವೀಕೆಂಡ್ ಮುಗಿದ ಮಾರನೇ ದಿನ ಯಾವ ಆಫೀಸಿನ ಕಾಫಿ ಮಷಿನ್ ಹತ್ತಿರ ನಿಂತರೂ ಈ ಮಾತು ಕೇಳಿಸುತ್ತೆ. ಆಮೇಲೆ ಪಟ್ಟಿ ಶುರು. ಪಕ್ಕದವನು ಇಯರ್‌ಫೋನ್ ಇಲ್ಲದೆ ರೀಲ್ಸ್ ನೋಡ್ತಿದ್ದ. ಹಿಂದಿನವನು ಬರಿಗಾಲನ್ನ ತಂದು ನನ್ನ ಆರ್ಮ್‌ರೆಸ್ಟ್ ಮೇಲಿಟ್ಟ. ಮುಂದಿನ ಸೀಟಿನ ಅಜ್ಜಿ ಚಪಾತಿ, ಮಾವಿನಕಾಯಿ ಉಪ್ಪಿನಕಾಯಿ ಬಿಚ್ಚಿದ್ದಕ್ಕೆ ಇಡೀ ವಿಮಾನ ಘಮಘಮ. ಚಕ್ರ ನೆಲ ಮುಟ್ಟಿದ ಕ್ಷಣವೇ ಎಲ್ಲರೂ ಎದ್ದು ನಿಂತರು. ಕೊನೆಗೆ ತೀರ್ಪು: "ಅಗ್ಗದ ಟಿಕೆಟ್ ಮಾಡಿದ್ರೆ ಹೀಗೇ ಆಗೋದು, ಬಸ್ಸಲ್ಲಿ ಹೋಗೋರೆಲ್ಲ ಹತ್ಕೊಂಡ್‌ಬಿಟ್ರು."

ಪಟ್ಟಿಯಲ್ಲಿರೋದೆಲ್ಲ ನಿಜ. ತೀರ್ಪು ಮಾತ್ರ ಶುದ್ಧ ಸುಳ್ಳು. ವಿಮಾನ ಬಸ್ಸಾಗಿಲ್ಲ ಸ್ವಾಮಿ. ಆಗಿದ್ದಿದ್ದರೆ ಇದರಲ್ಲಿ ಅರ್ಧ ಸಮಸ್ಯೆ ಇರ್ತಲೇ ಇರ್ಲಿಲ್ಲ.

ಮೆಜೆಸ್ಟಿಕ್‌ನಲ್ಲಿ ಚಿಕ್ಕಮಗಳೂರಿನ ಕೆಂಪು ಬಸ್ ಹತ್ತಿ ನೋಡಿ. ಕಿಟಕಿಯಿಂದ ಒಳಗೆಸೆದ ಒಂದು ಟವೆಲ್ಲಿಗೆ ಅಲ್ಲಿ ನೋಂದಾಯಿತ ಕ್ರಯಪತ್ರದ ಮರ್ಯಾದೆ ಇದೆ. ನಿಂತಿರೋ ತಾಯಿಯ ಮಗು ಕೇಳದೇನೇ ಯಾರದೋ ತೊಡೆ ಸೇರುತ್ತೆ, ಜೊತೆಗೆ ಅವರ ಬ್ಯಾಗೂ. ಹಿಂದಿನ ಬಾಗಿಲಲ್ಲಿ ಹತ್ತಿದವನ ದುಡ್ಡು ಐದು ಅಪರಿಚಿತ ಕೈ ದಾಟಿ ಕಂಡಕ್ಟರಿಗೆ ಹೋಗಿ, ಟಿಕೆಟ್ಟು ಅದೇ ಐದು ಕೈ ದಾಟಿ ವಾಪಸ್ ಬರುತ್ತೆ. ದಾರಿಯಲ್ಲಿ ಹೊಟ್ಟೆ ತೊಳಸಿದವರಿಗೆ ಕಿಟಕಿ ಸೀಟು ಬಿಟ್ಟುಕೊಡೋದಷ್ಟೇ ಅಲ್ಲ, ಯಾರಾದರೊಬ್ಬರು ನಿಂಬೆಹಣ್ಣನ್ನೂ ಮೂಗಿಗೆ ಹಿಡೀತಾರೆ. ಮೊಬೈಲಲ್ಲಿ ಜೋರಾಗಿ ಹಾಡು ಹಾಕಿದವನಿಗೆ ಎರಡು ಸೀಟು ಹಿಂದಿನಿಂದ "ಸೌಂಡ್ ಕಮ್ಮಿ ಮಾಡ್ರೀ" ಅಂತ ಕೂಗು ಬೀಳುತ್ತೆ. ಅವನು ಗೊಣಗ್ತಾನೆ, ಕಮ್ಮಿ ಮಾಡ್ತಾನೆ. ನೆಲಮಂಗಲ ದಾಟೋಷ್ಟರಲ್ಲಿ ಇಬ್ಬರೂ ಅಡಿಕೆ ರೇಟಿನ ಬಗ್ಗೆ ಮಾತಾಡ್ತಿರ್ತಾರೆ. (ಬಸ್ಸಲ್ಲಿರೋರೆಲ್ಲ ಸಂಭಾವಿತರು ಅಂತಲ್ಲ. ಮಹಿಳೆಯರ ಸೀಟಲ್ಲಿ ಕೂತು ನಿದ್ದೆ ನಟಿಸೋ ಗಂಡಸರ ಬಗ್ಗೆ ಬರೆದರೆ ಅದೇ ಒಂದು ಲೇಖನ ಆಗುತ್ತೆ.)

ಬಸ್ಸಿನ ಶಿಷ್ಟಾಚಾರ ನಡೆಯೋದು ಬಾಯಿಂದ. ವಿಮಾನದಲ್ಲಿ ಬಾಯಿಗೆ ಬೀಗ, ಕಿವಿಗೆ ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನು. ಕಾಲು ಬಂದು ಆರ್ಮ್‌ರೆಸ್ಟ್ ಮೇಲೆ ಕೂತರೆ "ಸಾರ್, ಕಾಲು ತೆಗೀರಿ" ಅನ್ನೋ ಮೂರು ಪದ ನಮ್ಮಿಂದ ಹೊರಡಲ್ಲ. ಆ ಕಾಲಿನ ಫೋಟೋ ತೆಗೆದು ಇನ್‌ಸ್ಟಾಗ್ರಾಮಿಗೆ ಹಾಕ್ತೀವಿ. ಮೂರು ಸಾವಿರ ಜನಕ್ಕೆ ಗೊತ್ತಾಗುತ್ತೆ, ಕಾಲಿನ ಮಾಲೀಕನಿಗೆ ಗೊತ್ತಾಗಲ್ಲ. ಇಲ್ಲವೇ ಗುಂಡಿ ಒತ್ತಿ ಸಿಬ್ಬಂದಿ ಹುಡುಗಿಯನ್ನ ಕರೆದು, ನಮ್ಮ ಜಗಳಾನ ಅವಳ ಕೈಲಿ ಆಡಿಸ್ತೀವಿ. ಬೆಳಗಿನ ಜಾವ ಮೂರಕ್ಕೆ ಎದ್ದು ಡ್ಯೂಟಿಗೆ ಬಂದು, ಎಲ್ಲರಿಗೂ ನಗ್ತಾ ನಮಸ್ಕಾರ ಹೇಳಿದವಳು ಅವಳು. ಆ ನಮಸ್ಕಾರಕ್ಕೆ ತಿರುಗಿ ಹೇಳೋರು ಎಷ್ಟು ಜನ, ಮುಂದಿನ ಸಲ ಎಣಿಸಿ ನೋಡಿ.

ಇನ್ನು, ತಪ್ಪಿತಸ್ಥರು ನಿಜವಾಗಿ ಯಾರು? ಮೊದಲ ಸಲ ಹತ್ತಿದವರನ್ನ ಗುರುತಿಸೋದು ಸುಲಭ. ನಾಲ್ಕು ಗಂಟೆ ಮುಂಚೆ ಏರ್‌ಪೋರ್ಟಿಗೆ ಬಂದಿರ್ತಾರೆ. ಬೋರ್ಡಿಂಗ್ ಪಾಸನ್ನ ಮದುವೆ ಕರೆಯೋಲೆ ಥರ ಎರಡೂ ಕೈಲಿ ಹಿಡಿದಿರ್ತಾರೆ. ಬೆಲ್ಟ್ ಹಾಕಿದರೆ ಇಳಿಯೋವರೆಗೂ ಬಿಚ್ಚಲ್ಲ. ಆ ಕಡೆ ನಮ್ಮವರನ್ನ ನೋಡಿ, ತಿಂಗಳಿಗೆ ನಾಲ್ಕು ಸಲ ಹಾರೋರು. ಕೈಚೀಲಕ್ಕೆ 7 ಕೆ.ಜಿ. ಮಿತಿ ಅಂದರೆ ಒಂದು ಟ್ರಾಲಿ, ಒಂದು ಲ್ಯಾಪ್‌ಟಾಪ್ ಬ್ಯಾಗು, ಒಂದು ಶಾಪಿಂಗ್ ಚೀಲ. ಸೀಟು 24ನೇ ಸಾಲಲ್ಲಿ, ಟ್ರಾಲಿ ಮಾತ್ರ 3ನೇ ಸಾಲಿನ ಮೇಲೆ, ಇಳಿಯುವಾಗ ಸಲೀಸಾಗಲಿ ಅಂತ. 3ನೇ ಸಾಲಿನ ಮುದುಕರು ತಮ್ಮ ಚೀಲ ಹಿಡ್ಕೊಂಡು ಹಿಂದೆ ಹಿಂದೆ ಅಲೀಬೇಕು. ಬಾಗಿಲು ಮುಚ್ಚಿದ ಮೇಲೂ "ಜಸ್ಟ್ ಟೂ ಮಿನಿಟ್ಸ್" ಅಂತ ಕಾಲ್‌ನಲ್ಲಿರೋದು ಹಳ್ಳಿ ಅಜ್ಜಿಯಲ್ಲ. ನ್ಯೂಯಾರ್ಕ್–ದೆಹಲಿ ವಿಮಾನದಲ್ಲಿ ವೃದ್ಧೆಯ ಮೇಲೆ ಮೂತ್ರ ಮಾಡಿದ ಆರೋಪ ಕೇಳಿ 2023ರ ಆರಂಭದಲ್ಲಿ ದೇಶವೇ ಛೀ ಅಂದಿತಲ್ಲ, ಅದು ಬಿಸಿನೆಸ್ ಕ್ಲಾಸಿನ ಕಥೆ. ಒಂದು ರೂಪಾಯಿ ಟಿಕೆಟ್ಟಿನದಲ್ಲ.

ಒಂದು ರೂಪಾಯಿ ಟಿಕೆಟ್ಟು ಅಂದೆ. 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿದ ನಮ್ಮ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅಂಥ ಟಿಕೆಟ್ಟನ್ನೂ ಮಾರಿದ್ದರು. ರೈಲಲ್ಲಿ ಹೋಗೋನೂ ಹಾರಬೇಕು ಅನ್ನೋದೇ ಅವರ ಲೆಕ್ಕ. ಆ ಲೆಕ್ಕದ ಫಲ ಉಂಡೋರು ನಾವು. ನಮ್ಮಲ್ಲಿ ಎಷ್ಟು ಜನರ ಅಪ್ಪ ಅಮ್ಮ ಸಂಬಳದಲ್ಲಿ ವಿಮಾನ ಹತ್ತಿದ್ದರು? ಈಗ ಕಲಬುರಗಿ, ಬೀದರ, ಶಿವಮೊಗ್ಗಕ್ಕೂ ನಿಲ್ದಾಣ ಬಂದಿದೆ. ನಾವು ಹತ್ತಿ ಕೂತ ಮೇಲೆ ಬಾಗಿಲು ಹಾಕ್ಕೊಳ್ಳಲಿ ಅನ್ನೋದು ಯಾವ ನ್ಯಾಯ? ಉಪ್ಪಿನಕಾಯಿ ವಾಸನೆಗೆ ಮೂಗು ಮುಚ್ಚೋರು, ಪಕ್ಕದವನು ದುಡ್ಡು ಕೊಟ್ಟು ತಗೊಂಡ ಮಸಾಲಾ ಕಪ್ ನೂಡಲ್ಸಿನ ವಾಸನೆಗೆ ತುಟಿ ಬಿಚ್ಚಲ್ಲ ನೋಡಿ.

ಕಂಪನಿಗಳಿಗೆ ಇದೆಲ್ಲ ಅನುಕೂಲವೇ. ಅಗ್ಗದ ವಿಮಾನದಲ್ಲಿ ಒಂದು ಸಾಲಿಗೂ ಇನ್ನೊಂದಕ್ಕೂ ಸಾಮಾನ್ಯವಾಗಿ 28ರಿಂದ 30 ಇಂಚು, ಅದರಲ್ಲಿ ಸೀಟಿನ ದಪ್ಪವೂ ಸೇರಿದೆ. ಇಷ್ಟರಲ್ಲಿ ಮುಂದಿನವನು ಒರಗಿದರೆ ನನಗೆ ಅವನ ಮೇಲೆ ಸಿಟ್ಟು, ನನ್ನ ಮೊಣಕಾಲು ತಾಗಿದರೆ ಅವನಿಗೆ ನನ್ನ ಮೇಲೆ. ಇಂಚು ಅಳೆದವನ ಮೇಲೆ ಯಾರಿಗೂ ಇಲ್ಲ. ಸೀಟು ಆರಿಸೋಕೆ ಬೇರೆ ದುಡ್ಡು. ಕೊಡದಿದ್ದರೆ ಅಮ್ಮ ಒಂದು ಕಡೆ, ಮಗು ಇನ್ನೊಂದು ಕಡೆ. 12 ವರ್ಷದೊಳಗಿನ ಮಕ್ಕಳನ್ನ ಅಪ್ಪನದೋ ಅಮ್ಮನದೋ ಪಕ್ಕ ಕೂರಿಸಿ ಅಂತ 2024ರಲ್ಲಿ ಡಿಜಿಸಿಎ ಆದೇಶ ಹೊರಡಿಸಬೇಕಾಯ್ತು ಅಂದ್ರೆ ನೋಡಿ! ಬಸ್ಸಲ್ಲಾದರೆ ಇದು "ಒಂಚೂರು ಆಕಡೆ ಬರ್ತೀರಾ" ಅನ್ನೋದರಲ್ಲಿ ಮುಗಿಯೋ ಮಾತು.

ಇದೆಲ್ಲ ಕಿರಿಕಿರಿ, ಸಹಿಸಬಹುದು. ಸಹಿಸಬಾರದ್ದು ಒಂದಿದೆ, ಬ್ಯಾಗಿಗೆ ಕೈ ಹಾಕೋ ಚಟ. ವಿಮಾನ ಇನ್ನೂ ಓಡ್ತಿರುವಾಗಲೇ ಎದ್ದು ಮೇಲಿನ ಡಬ್ಬ ತೆಗೆಯೋದು ನಮಗೆ ಕೈಯ ಅಭ್ಯಾಸ ಆಗಿದೆ, ತಲೆ ಅದನ್ನ ಕೇಳೋದೇ ಇಲ್ಲ. 2016ರ ಆಗಸ್ಟ್‌ನಲ್ಲಿ ತಿರುವನಂತಪುರದಿಂದ ಹೊರಟ ಎಮಿರೇಟ್ಸ್ ವಿಮಾನ ದುಬೈ ರನ್‌ವೇಗೆ ಬಡಿದು ಬೆಂಕಿ ಹತ್ತಿತು. ಒಳಗಿನ ವಿಡಿಯೋ ಸಿಗುತ್ತೆ, ನೋಡಿ. ಹೊಗೆ ತುಂಬ್ತಿದೆ, ಸಿಬ್ಬಂದಿ ಬಿಟ್ಟು ಓಡಿ ಅಂತ ಕಿರುಚ್ತಿದಾರೆ, ಜನ ಬ್ಯಾಗ್ ಇಳಿಸ್ತಿದಾರೆ. ಒಳಗಿದ್ದ 300 ಜನ ಬದುಕಿದ್ದು ಪುಣ್ಯ. ಬೆಂಕಿ ಆರಿಸೋಕೆ ಬಂದ ಒಬ್ಬ ಸಿಬ್ಬಂದಿ ಬದುಕಲಿಲ್ಲ. ಅರ್ಧ ಬಾಗಿಲು ಮಾತ್ರ ತೆರೆದರೂ 90 ಸೆಕೆಂಡಲ್ಲಿ ಎಲ್ಲರೂ ಹೊರಗೆ ಬರೋ ಹಾಗಿರಬೇಕು ಅನ್ನೋದು ದೊಡ್ಡ ಪ್ರಯಾಣಿಕ ವಿಮಾನಗಳ ವಿನ್ಯಾಸದ ನಿಯಮ. ನಿಮ್ಮ ಟ್ರಾಲಿಯನ್ನ ಅದರಲ್ಲಿ ಲೆಕ್ಕ ಹಿಡಿದಿಲ್ಲ. 2024ರ ಜನವರಿ 2ರಂದು ಟೋಕಿಯೋದ ಹಾನೆಡಾದಲ್ಲಿ ಜಪಾನ್ ಏರ್‌ಲೈನ್ಸ್ ವಿಮಾನ ಉರಿದುಹೋದಾಗ ಅದರಲ್ಲಿದ್ದ 379 ಜನವೂ ಹೊರಬಂದರು. ಹೊರಗೆ ನಿಂತವರ ದೃಶ್ಯದಲ್ಲಿ ಸೂಟ್‌ಕೇಸು ಕಾಣಿಸೋದು ಕಷ್ಟ.

ಈ ವಿಷಯವನ್ನೇ ಹೇಳೋ ಸುರಕ್ಷತಾ ಸೂಚನೆ ಬರುವಾಗ ನಾವು ಫೋನಲ್ಲಿರ್ತೀವಿ. ಕಣ್ಣು ಮಿಟುಕಿಸದೆ ಕೇಳೋಳು ಆ ಅಜ್ಜಿ ಒಬ್ಬಳೇ. ಅವಳಿಗದು ಇಂಗ್ಲಿಷಲ್ಲಿ, ಆಮೇಲೆ ಹಿಂದಿಯಲ್ಲಿ. ಬೆಂಗಳೂರಿಂದ ಹುಬ್ಬಳ್ಳಿಗೆ ನಾನು ಹತ್ತಿದ ವಿಮಾನಗಳಲ್ಲಿ ಆಕ್ಸಿಜನ್ ಮುಖವಾಡದ ವಿಷಯ ಕನ್ನಡದಲ್ಲಿ ಕೇಳಿದ್ದಿಲ್ಲ. ಒಬ್ಬ ಪೈಲಟ್ ಎಲ್ಲೋ ಕನ್ನಡದಲ್ಲಿ ನಾಲ್ಕು ಮಾತಾಡಿದರೆ ವಿಡಿಯೋ ವೈರಲ್ ಆಗುತ್ತೆ, ನಾವು ಹೆಮ್ಮೆಯಿಂದ ಫಾರ್ವರ್ಡ್ ಮಾಡ್ತೀವಿ. ಅದು ದಿನಾ ಆಗಬೇಕಾದ ಕೆಲಸ ಅಂತ ಕಂಪನಿಗೆ ಒಂದು ಮೇಲ್ ಹಾಕಲ್ಲ. ಕಾಲಿನ ಫೋಟೋಗೆ ಟ್ಯಾಗ್ ಮಾಡೋ ಅದೇ ಕೈಗೆ ಇದೂ ಎರಡು ನಿಮಿಷದ ಕೆಲಸ.

ಮುಂದಿನ ಸಲ ದೇವನಹಳ್ಳಿಯಲ್ಲಿ ಇಳಿದಾಗ ನೋಡಿ. ಜನರ ಮೇಲೆ ಹತ್ತಿ ಮೊದಲು ಹೊರಗೆ ಓಡಿದವನೂ, ಕೊನೇಲಿ ಇಳಿದ ಅಜ್ಜಿಯೂ ಬ್ಯಾಗೇಜ್ ಬೆಲ್ಟಿನ ಮುಂದೆ ಅಕ್ಕಪಕ್ಕ ಕಾಯ್ತಿರ್ತಾರೆ. ಹೊರಗೆ ಬಂದು ಇಬ್ಬರೂ ವಾಯುವಜ್ರ ಹತ್ತಿದರೆ ಅವನು ಬೇರೆ ಮನುಷ್ಯ. ಅಜ್ಜಿಯ ಚೀಲ ಎತ್ತಿ ರ‍್ಯಾಕಿಗಿಡ್ತಾನೆ, "ಎಲ್ಲಿ ಇಳೀಬೇಕಮ್ಮಾ, ಹೆಬ್ಬಾಳನಾ?" ಅಂತಾನೆ. ಕಂಡಕ್ಟರ್ ಹಿಂದಿನಿಂದ ಕೂಗ್ತಾನೆ: "ಲಗೇಜ್ ದಾರೀಲಿ ಇಡಬೇಡಿ ಸಾರ್, ಯಾರ‍್ದದು?"